ಮಂದ ಬೆಳಕಿನ ರೂಮಲ್ಲಿ ಫ್ಲ್ಯಾಶ್ ಹಾಕಿ ಜನರ ಫೋಟೋ ತೆಗೆಯೋದು: ಪದೇ ಪದೇ ಕೇಳೋ ಪ್ರಶ್ನೆಗಳು

ಕ್ಯಾಮರಾ ತಲೆ ಮೇಲೆ ಸಿಕ್ಕಿಸೋ ಫ್ಲ್ಯಾಶ್ ಇದ್ಯಲ್ಲ, ಸ್ಪೀಡ್‌ಲೈಟ್ ಅಂತಾರೆ, ಅದರ ಬಗ್ಗೆ ಜನ ಕೇಳೋ ಪ್ರಶ್ನೆಗಳನ್ನ ಇಲ್ಲಿ ಒಟ್ಟು ಮಾಡಿದೀನಿ. ರೂಮಿನ ಒಳಗೆ, ಬೆಳಕು ಕಮ್ಮಿ ಇರೋ ಕಡೆ, ಮನುಷ್ಯರ ಫೋಟೋ ತೆಗೆಯೋರಿಗೆ ಮಾತ್ರ ಇದು. ಪ್ರಾಡಕ್ಟ್ ಫೋಟೋ, ಹೊರಗಡೆ ಬಿಸಿಲಲ್ಲಿ ಫಿಲ್ ಫ್ಲ್ಯಾಶ್ ಇವೆಲ್ಲ ಬೇರೆ ವಿಷಯ, ಇಲ್ಲಿ ಬರಲ್ಲ.

ಫ್ಲ್ಯಾಶ್ ಹಾಕಿದ್ರೆ ಫೋಟೋ ಕೆಡತ್ತೆ ಅಂತಾರೆ, ಐಎಸ್‌ಒ (ಬೆಳಕಿಗೆ ಕ್ಯಾಮರಾ ಎಷ್ಟು ಸೂಕ್ಷ್ಮ ಅನ್ನೋ ಸೆಟ್ಟಿಂಗ್) ಜಾಸ್ತಿ ಮಾಡ್ಕೊಂಡು ಹಾಗೇ ತೆಗೆದ್ರೆ ಸಾಲ್ದಾ?

ಎಷ್ಟೋ ಸಲ ಸಾಲತ್ತೆ. ಕಿಟಕಿ ಪಕ್ಕ ಕೂತಿರೋರು, ಟೇಬಲ್ ಲ್ಯಾಂಪ್ ಹತ್ರ ಓದ್ತಾ ಇರೋರು, ಇವರ ಮುಖದ ಮೇಲೆ ಬೆಳಕು ಆಗ್ಲೇ ಚೆನ್ನಾಗಿ ಬಿದ್ದಿದ್ರೆ ಫ್ಲ್ಯಾಶ್ ಬ್ಯಾಗಲ್ಲೇ ಇರ್ಲಿ. ಆದ್ರೆ ರೂಮೊಳಗಿನ ತೊಂದರೆ ಬರೀ ಬೆಳಕು ಕಮ್ಮಿ ಅನ್ನೋದಲ್ಲ, ಬೆಳಕು ಎಲ್ಲಿಂದ ಬರ್ತಿದೆ ಅನ್ನೋದು. ನೆತ್ತಿ ಮೇಲೆ ಒಂದು ಬಲ್ಬ್ ಉರೀತಾ ಇದ್ರೆ ಹಣೆ ಮತ್ತೆ ಮೂಗಿನ ತುದಿ ಹೊಳೆಯುತ್ತೆ, ಕಣ್ಣು ಗುಳಿ ಒಳಗೆ ಹೋಗಿ ಕಪ್ಪಾಗಿ ಕೂರತ್ತೆ. ಐಎಸ್‌ಒ 6400 ಮಾಡಿ, 12800 ಮಾಡಿ, ಆ ಕಪ್ಪು ಗುಳಿ ಹಾಗೇ ಇರತ್ತೆ, ಜೊತೆಗೆ ನಾಯ್ಸ್, ಅಂದ್ರೆ ಮರಳು ಚೆಲ್ಲಿದ ಹಾಗಿರೋ ಚುಕ್ಕೆಗಳು, ಬರತ್ತೆ ಅಷ್ಟೇ. ಅಲ್ಲಿ ಬೇಕಾಗಿರೋದು ಬೇರೆ ದಿಕ್ಕಿಂದ ಬರೋ ಬೆಳಕು, ಫ್ಲ್ಯಾಶ್ ಅದನ್ನ ಕೊಡತ್ತೆ. ಫ್ಲ್ಯಾಶ್‌ಗೆ ಕೆಟ್ಟ ಹೆಸರು ಬಂದಿದ್ದು ಅದನ್ನ ಲೆನ್ಸ್ ಮೇಲಿಂದ ನೇರ ಮುಖಕ್ಕೆ ಹೊಡೆಯೋದ್ರಿಂದ.

ಮುಖ ಸುಣ್ಣ ಬಳಿದ ಹಾಗೆ ಬೆಳ್ಳಗೆ, ಹಿಂದೆ ಎಲ್ಲಾ ಕಗ್ಗತ್ತಲು. ಯಾಕೆ ಹೀಗೆ?

ಈ ಪ್ರಶ್ನೆ ಅರ್ಥ ಆದ್ರೆ ಮುಕ್ಕಾಲು ಪಾಲು ಕೆಲಸ ಆದ ಹಾಗೆ, ಅದಕ್ಕೆ ಸ್ವಲ್ಪ ಉದ್ದಕ್ಕೇ ಹೇಳ್ತೀನಿ.

ಫ್ಲ್ಯಾಶ್ ಥರ ಸಣ್ಣ ಲೈಟಿಂದ ಹೊರಟ ಬೆಳಕು ದೂರ ಹೋದಷ್ಟೂ ಹರಡ್ಕೊಂಡು ತೆಳ್ಳಗಾಗತ್ತೆ, ದೂರ ಎರಡು ಪಟ್ಟಾದ್ರೆ ಬೆಳಕು ನಾಲ್ಕನೇ ಒಂದು ಭಾಗಕ್ಕೆ ಇಳಿಯತ್ತೆ. 1 ಮೀಟರ್ ದೂರದಲ್ಲಿ ನಿಂತಿರೋರಿಗೆ ಪೂರ್ತಿ ಬೆಳಕು ಸಿಕ್ತು ಅಂದ್ಕೊಳ್ಳಿ, 2 ಮೀಟರ್ ದೂರದವರಿಗೆ 1/4, 4 ಮೀಟರ್ ದೂರದ ಗೋಡೆಗೆ ಬರೀ 1/16. ಅಂದ್ರೆ ನಾಲ್ಕು ಸ್ಟಾಪ್ ಕಮ್ಮಿ (ಬೆಳಕು ಅರ್ಧ ಆದ್ರೆ ಒಂದು ಸ್ಟಾಪ್ ಕಮ್ಮಿ, ಎರಡು ಪಟ್ಟಾದ್ರೆ ಒಂದು ಸ್ಟಾಪ್ ಜಾಸ್ತಿ). ಕ್ಯಾಮರಾ ಮುಂದಿನವರ ಮುಖಕ್ಕೆ ಸರಿ ಮಾಡಿದ ಮೇಲೆ ಹಿಂದಿನ ಗೋಡೆ ಕಾಣೋದಾದ್ರೂ ಹೇಗೆ? ಜೊತೆಗೆ ಆಟೋ ಮೋಡಲ್ಲಿ ತುಂಬಾ ಕ್ಯಾಮರಾಗಳು ಫ್ಲ್ಯಾಶ್ ಆನ್ ಆದ ತಕ್ಷಣ ಶಟರ್ (ಬೆಳಕು ಒಳಗೆ ಬಿಡೋ ಹೊತ್ತು) ಸೆಕೆಂಡಿನ 1/60 ಸುತ್ತಮುತ್ತ ಇಟ್ಟು ಐಎಸ್‌ಒ ಕೆಳಗೇ ಇಟ್ಬಿಡತ್ವೆ, ರೂಮಲ್ಲಿದ್ದ ಬೆಳಕು ಫೋಟೋಗೆ ಬರೋದೇ ಇಲ್ಲ.

ಇದಕ್ಕೆ ದಾರಿ ಏನಂದ್ರೆ, ಒಂದೇ ಕ್ಲಿಕ್ಕಲ್ಲಿ ಎರಡು ಎಕ್ಸ್‌ಪೋಷರ್ ಆಗ್ತಾ ಇದೆ ಅಂತ ತಲೇಲಿ ಇಟ್ಕೊಳ್ಳಿ, ಒಂದು ರೂಮಿನ ಬೆಳಕಿಂದು, ಇನ್ನೊಂದು ಫ್ಲ್ಯಾಶಿಂದು. ಶಟರ್ ಸ್ಪೀಡ್ ರೂಮಿನ ಬೆಳಕನ್ನ ಮಾತ್ರ ಹಿಡಿಯತ್ತೆ, ಫ್ಲ್ಯಾಶ್ ಕಣ್ಣು ಮಿಟುಕಿಸೋಕೆ ಮುಂಚೆ ಮುಗಿದು ಹೋಗೋದ್ರಿಂದ ಶಟರ್ 1/30 ಇದ್ರೂ 1/125 ಇದ್ರೂ ಅದಕ್ಕೆ ವ್ಯತ್ಯಾಸ ಇಲ್ಲ. ಅಪರ್ಚರ್ (ಲೆನ್ಸ್ ಒಳಗಿನ ತೂತಿನ ಅಗಲ, ಎಫ್ ನಂಬರಲ್ಲಿ ಹೇಳ್ತಾರೆ) ಮತ್ತೆ ಐಎಸ್‌ಒ ಎರಡರ ಮೇಲೂ ಕೆಲಸ ಮಾಡತ್ವೆ. ಫ್ಲ್ಯಾಶ್ ಪವರ್ ಫ್ಲ್ಯಾಶ್ ಮೇಲೆ ಮಾತ್ರ.

ಕ್ಯಾಮರಾನ ಮ್ಯಾನ್ಯುಯಲ್‌ಗೆ ಹಾಕಿ, ಫ್ಲ್ಯಾಶ್ ಆಫ್ ಮಾಡಿ, ಐಎಸ್‌ಒ 800, ಎಫ್ 4, 1/60 ಇಂದ ಶುರು ಮಾಡಿ ಒಂದು ಫೋಟೋ ತೆಗೀರಿ. ರೂಮು ಸ್ವಲ್ಪ ಕತ್ತಲಾಗಿ, ಆದ್ರೆ ಗೋಡೆ, ಪರದೆ, ಹಿಂದೆ ಉರೀತಿರೋ ದೀಪ ಎಲ್ಲಾ ಗೊತ್ತಾಗೋ ಹಾಗೆ ಬರೋವರೆಗೂ ಐಎಸ್‌ಒ ಅಥವಾ ಶಟರ್ ಬದಲಾಯಿಸಿ. ಒಂದು ಒಂದೂವರೆ ಸ್ಟಾಪ್ ಅಂಡರ್ ಇದ್ರೆ ನನಗೆ ಇಷ್ಟ. ಆಮೇಲೆ ಫ್ಲ್ಯಾಶ್ ಆನ್ ಮಾಡಿ ಮುಖಕ್ಕೆ ಬೇಕಾದಷ್ಟು ಮಾತ್ರ ಸೇರಿಸಿ. ರೂಮಿನ ಬೆಳಕನ್ನ ಸಾಯಿಸಬೇಡಿ, ಆ ಜಾಗ ಹೇಗಿತ್ತು ಅನ್ನೋದು ಇರೋದೇ ಅದರಲ್ಲಿ.

1/60ರಲ್ಲಿ, 1/30ರಲ್ಲಿ ತೆಗೆದ್ರೆ ಅಲ್ಲಾಡಲ್ವಾ?

ಫ್ಲ್ಯಾಶ್ ಬೆಳಗೋ ಹೊತ್ತು ತುಂಬಾ ಚಿಕ್ಕದು. ಕಮ್ಮಿ ಪವರಲ್ಲಿ ಸೆಕೆಂಡಿನ ಸಾವಿರಾರನೇ ಒಂದು ಭಾಗ, 1/10000ಕ್ಕಿಂತ ಚಿಕ್ಕದೂ ಆಗಬಹುದು. ಹಾಗಾಗಿ ಫ್ಲ್ಯಾಶ್ ಬಿದ್ದ ಮುಖ ಗಟ್ಟಿಯಾಗಿ ನಿಲ್ಲತ್ತೆ. ಅಲ್ಲಾಡೋದು ರೂಮಿನ ಬೆಳಕಿಂದ ಬಂದಿರೋ ಪಾಲು. ರೂಮಿನ ಬೆಳಕು ಎರಡು ಸ್ಟಾಪ್ ಕೆಳಗಿದ್ರೆ ಅದು ಅಷ್ಟಾಗಿ ಕಣ್ಣಿಗೆ ಬೀಳಲ್ಲ, ಆದ್ರೆ ರೂಮಿನ ಬೆಳಕು ಫ್ಲ್ಯಾಶಿಗೆ ಸಮ ಸಮ ಇದ್ದು ಜನ ಕುಣೀತಾ ಇದ್ರೆ ಗಟ್ಟಿ ಮುಖದ ಸುತ್ತ ದೆವ್ವದ ಥರ ಇನ್ನೊಂದು ಮಸುಕು ಮುಖ ಬರತ್ತೆ. ಆಗ ಶಟರ್ 1/125ಕ್ಕೆ ಏರಿಸಿ. ಬೇಕಂತಲೇ ಚಲನೆ ತೋರಿಸ್ಬೇಕು ಅಂದ್ರೆ ಮೆನುವಲ್ಲಿ ರಿಯರ್ ಕರ್ಟನ್ ಅಂತ ಇರತ್ತೆ, ಅದು ಹಾಕಿದ್ರೆ ಫ್ಲ್ಯಾಶ್ ಕೊನೇಲಿ ಹೊಡೆಯತ್ತೆ, ಮಸುಕಿನ ಗೆರೆ ಮನುಷ್ಯನ ಹಿಂದೆ ಉಳಿಯತ್ತೆ. ಮಾಮೂಲಿ ಸೆಟ್ಟಿಂಗಲ್ಲಿ ಗೆರೆ ಮುಂದೆ ಬಂದು, ಅವರು ಹಿಂದಕ್ಕೆ ಓಡ್ತಿದಾರೇನೋ ಅನ್ಸತ್ತೆ.

ಬೌನ್ಸ್ ಮಾಡಿ, ಅಂದ್ರೆ ಫ್ಲ್ಯಾಶನ್ನ ಗೋಡೆಗೋ ಸೀಲಿಂಗಿಗೋ ಹೊಡೆದು ವಾಪಸ್ ಬರೋ ಬೆಳಕಲ್ಲಿ ತೆಗೀರಿ ಅಂತಾರೆ. ಎಲ್ಲಿಗೆ ತಿರುಗಿಸ್ಬೇಕು?

ಸುಮಾರು ಜನ ಫ್ಲ್ಯಾಶ್ ತಲೇನ ನೆಟ್ಟಗೆ ಮೇಲಕ್ಕೆ ಎತ್ತಿಟ್ಟು ಬೌನ್ಸ್ ಅಂತಾರೆ. ನೇರ ಹೊಡೆಯೋದಕ್ಕಿಂತ ಖಂಡಿತ ವಾಸಿ, ಆದ್ರೆ ಮುಂದಿರೋರು ಹತ್ರ ಇದ್ದಾಗ ಬೆಳಕು ನೆತ್ತಿ ಮೇಲಿಂದಲೇ ಬೀಳತ್ತೆ, ಮೊದಲು ಹೇಳಿದ ಬಲ್ಬಿನ ಕಥೆನೇ ಆಯ್ತು, ಹುಬ್ಬಿನ ಕೆಳಗೆ ನೆರಳು.

ನಾನು ಹೇಳೋದು ಇಷ್ಟು: ಬೆಳಕು ಹೋಗಿ ಬಡಿಯೋ ಜಾಗ ಇದ್ಯಲ್ಲ, ಗೋಡೆ ಮೇಲೆ ಆಗೋ ಆ ದೊಡ್ಡ ಬೆಳಕಿನ ಪಟ್ಟಿ, ಅದೇ ನಿಮ್ಮ ನಿಜವಾದ ಲೈಟು. ಅಲ್ಲಿ ಒಂದು ಕಿಟಕಿ ಇದ್ದಿದ್ರೆ ಈ ಮುಖಕ್ಕೆ ಚೆನ್ನಾಗಿರ್ತಿತ್ತಾ ಅಂತ ಕೇಳ್ಕೊಳ್ಳಿ. ಹೌದು ಅಂದ್ರೆ ಫ್ಲ್ಯಾಶನ್ನ ಆ ಕಡೆ ತಿರುಗಿಸಿ.

ಒಂದು ಉದಾಹರಣೆ. ವಯಸ್ಸಾದ ಅಜ್ಜಿ ಒಬ್ರು ಕುರ್ಚಿ ಮೇಲೆ ಕೂತಿದಾರೆ, ನಿಮ್ಮ ಎಡಕ್ಕೆ ಎರಡು ಮೀಟರ್ ದೂರದಲ್ಲಿ ಬಿಳಿ ಗೋಡೆ. ಫ್ಲ್ಯಾಶ್ ನೇರ ಹೊಡೆದ್ರೆ ಮುಖ ಚಪ್ಪಟೆ, ಕೆನ್ನೆ ಸುಕ್ಕೆಲ್ಲ ಅಳಿಸಿ ಹೋಗಿ ಹಣೆ ಮೇಲೆ ಎಣ್ಣೆ ಹಚ್ಚಿದ ಹೊಳಪು, ಹಿಂದಿನ ಗೋಡೆ ಮೇಲೆ ಚೂಪಾದ ಕಪ್ಪು ನೆರಳು. ಫ್ಲ್ಯಾಶ್ ತಲೇನ ಎಡಕ್ಕೆ ತಿರುಗಿಸಿ, ಸ್ವಲ್ಪ ಮೇಲಕ್ಕೆ, ಸ್ವಲ್ಪ ನಿಮ್ಮ ಭುಜದ ಹಿಂದಕ್ಕೆ ಅನ್ನೋ ಹಾಗೆ ಇಟ್ಟು ಹೊಡೀರಿ. ಈಗ ಗೋಡೆಯ ಅಗಲದಷ್ಟು ಬೆಳಕು ಪಕ್ಕದಿಂದ ಬಂತು, ಗೋಡೆ ಕಡೆ ಕೆನ್ನೆ ಬೆಳಗಿದೆ, ಮೂಗಿನ ಆಚೆ ಬದಿಗೆ ಮೆತ್ತಗಿನ ನೆರಳು, ಒಂದೊಂದು ಸುಕ್ಕಿಗೂ ಒಂದು ಅಂಚು, ಕಣ್ಣೊಳಗೆ ಗೋಡೆಯದೇ ಒಂದು ಬಿಳಿ ಮಿಂಚು. ಅಜ್ಜಿ ಅಜ್ಜಿ ಥರ ಕಾಣ್ತಾರೆ. ಅದೇ ಕುರ್ಚಿ, ಅದೇ ಫ್ಲ್ಯಾಶ್.

ಎರಡು ವಿಷಯ ಗಮನಿಸಿ. ಬೌನ್ಸಲ್ಲಿ ಬೆಳಕು ಎರಡು ಮೂರು ಸ್ಟಾಪ್ ಸೋರಿ ಹೋಗತ್ತೆ, ಅದಕ್ಕೆ ಐಎಸ್‌ಒ 800, 1600 ಮಾಡೋಕೆ ಹೆದರ್ಬೇಡಿ, ಈಗಿನ ಕ್ಯಾಮರಾಗಳಿಗೆ ಅದು ಏನೂ ಅಲ್ಲ. ಇನ್ನೊಂದು, ಪಕ್ಕಕ್ಕೆ ತಿರುಗಿಸಿದಾಗ ಅಲ್ಲಿ ಕೂತಿರೋರ ಕಣ್ಣಿಗೆ ನೇರ ಹೊಡೀತಾ ಇದ್ಯಾ ನೋಡ್ಕೊಳ್ಳಿ. ಫ್ಲ್ಯಾಶ್ ತಲೆಯ ಒಂದು ಬದಿಗೆ ಕಪ್ಪು ಫೋಮ್ ಶೀಟಿನ ತುಂಡು ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿದ್ರೆ ಬೆಳಕು ಗೋಡೆಗೆ ಮಾತ್ರ ಹೋಗತ್ತೆ, ಮುಂದಿರೋರ ಮುಖಕ್ಕೂ ನೇರ ಸೋರಲ್ಲ. ನನ್ನ ಬ್ಯಾಗಲ್ಲಿ ಅದು ಯಾವಾಗ್ಲೂ ಇರತ್ತೆ.

ಸೀಲಿಂಗ್ ತುಂಬಾ ಎತ್ತರ, ಅಥವಾ ಕಪ್ಪು ಮರದ್ದು, ಅಥವಾ ಗೋಡೆಗೆ ಹಸಿರು ಬಣ್ಣ. ಏನ್ ಮಾಡೋದು?

ಹಸಿರು ಗೋಡೆಗೆ ಹೊಡೆದ್ರೆ ಹಸಿರು ಬೆಳಕೇ ವಾಪಸ್ ಬರತ್ತೆ, ಮುಖ ಕಾಯಿಲೆ ಬಂದವರ ಥರ ಆಗತ್ತೆ, ಅದನ್ನ ಎಡಿಟಿಂಗಲ್ಲಿ ಸರಿ ಮಾಡೋದು ಕಷ್ಟ ಯಾಕಂದ್ರೆ ಮುಖದ ಒಂದು ಬದಿ ಮಾತ್ರ ಹಸಿರಾಗಿರತ್ತೆ. ಅಂಥ ಕಡೆ ಬೇರೆ ಬಿಳಿ ಮೇಲ್ಮೈ ಹುಡುಕಿ. ಪರದೆ, ಬಿಳಿ ಬಾಗಿಲು, ಮಡಚೋ ರಿಫ್ಲೆಕ್ಟರ್, ಕೊನೆಗೆ ಬಿಳಿ ಅಂಗಿ ಹಾಕ್ಕೊಂಡಿರೋ ಫ್ರೆಂಡು ನಿಮ್ಮ ಪಕ್ಕ ನಿಂತ್ರೂ ಆಗತ್ತೆ, ಅಂಗಿಗೆ ಹೊಡೀರಿ. ಏನೂ ಸಿಗ್ಲಿಲ್ಲ ಅಂದ್ರೆ ಫ್ಲ್ಯಾಶನ್ನ ಕ್ಯಾಮರಾದಿಂದ ಇಳಿಸಿ ಛತ್ರಿಗೆ ಹಾಕೋದೇ ದಾರಿ, ಅದು ಕೆಳಗಿದೆ.

ಫ್ಲ್ಯಾಶ್ ಜೊತೆ ಬಿಳಿ ಪ್ಲಾಸ್ಟಿಕ್ ಟೋಪಿ ಕೊಟ್ಟಿದಾರೆ. ಅದು ಹಾಕಿದ್ರೆ ಬೆಳಕು ಮೆತ್ತಗಾಗತ್ತಾ?

ಅದರಿಂದಲೇ ಆಗಲ್ಲ. ಬೆಳಕು ಮೆತ್ತಗಾಗೋದು ಅದರ ಮೂಲ ದೊಡ್ಡದಾದಾಗ, ಆ ಟೋಪಿ ಫ್ಲ್ಯಾಶ್ ತಲೆಯಷ್ಟೇ ದೊಡ್ಡದು. ಸಣ್ಣ ಬಿಳಿ ರೂಮಲ್ಲಿ ಅದು ಬೆಳಕನ್ನ ಎಲ್ಲಾ ಕಡೆ ಚೆಲ್ಲತ್ತೆ, ಗೋಡೆಗಳಿಂದ ವಾಪಸ್ ಬಂದಿದ್ದು ನೆರಳನ್ನ ಸ್ವಲ್ಪ ತುಂಬತ್ತೆ, ಆ ಮಟ್ಟಿಗೆ ಉಪಯೋಗ ಇದೆ. ದೊಡ್ಡ ಹಾಲಲ್ಲಿ ಹಾಕಿದ್ರೆ ಪವರ್ ವೇಸ್ಟ್, ಬ್ಯಾಟರಿ ಬೇಗ ಖಾಲಿ, ನೆರಳು ಅಷ್ಟೇ ಚೂಪು.

ಟಿಟಿಎಲ್ (ಫ್ಲ್ಯಾಶ್ ಪವರನ್ನ ಕ್ಯಾಮರಾನೇ ನಿರ್ಧರಿಸೋದು) ಒಳ್ಳೇದಾ, ಮ್ಯಾನ್ಯುಯಲ್ (ನಾವೇ ಇಡೋದು) ಒಳ್ಳೇದಾ?

ನೀವೂ ಅವರೂ ಓಡಾಡ್ತಾ ಇದ್ರೆ ಟಿಟಿಎಲ್. ಎಲ್ಲರೂ ಒಂದು ಜಾಗದಲ್ಲಿ ನಿಂತಿದ್ರೆ ಮ್ಯಾನ್ಯುಯಲ್, ಯಾಕಂದ್ರೆ ಒಂದು ಸಲ ಸರಿ ಮಾಡಿದ್ರೆ ಇಪ್ಪತ್ತು ಫೋಟೋನೂ ಒಂದೇ ಥರ ಬರತ್ತೆ. ಟಿಟಿಎಲಲ್ಲಿ ಫ್ಲ್ಯಾಶ್ ಮೊದಲು ಒಂದು ಸಣ್ಣ ಬೆಳಕು ಹೊಡೆದು, ಎಷ್ಟು ವಾಪಸ್ ಬಂತು ಅಂತ ಕ್ಯಾಮರಾ ಅಳೆದು ಆಮೇಲೆ ನಿಜವಾದ್ದು ಹೊಡೆಯತ್ತೆ. ಎದುರಿಗೆ ಬಿಳಿ ಬಟ್ಟೆ ಜಾಸ್ತಿ ಇದ್ರೆ ಬೆಳಕು ಸಾಕಷ್ಟಿದೆ ಅಂದ್ಕೊಂಡು ಫ್ಲ್ಯಾಶ್ ಕಮ್ಮಿ ಮಾಡತ್ತೆ, ಫೋಟೋ ಮಂಕಾಗತ್ತೆ. ಕಪ್ಪು ಕೋಟು ತುಂಬ್ಕೊಂಡಿದ್ರೆ ಉಲ್ಟಾ, ಮುಖ ಸುಟ್ಟು ಹೋಗತ್ತೆ. ಅದಕ್ಕೆ ಫ್ಲ್ಯಾಶ್ ಕಾಂಪೆನ್ಸೇಶನ್ ಅನ್ನೋ ಹೆಚ್ಚು ಕಮ್ಮಿ ಮಾಡೋ ಸೆಟ್ಟಿಂಗ್ ಇರೋದು, ಬಿಳಿ ಬಟ್ಟೆಗೆ ಪ್ಲಸ್ 1ರ ಹತ್ರ, ಕಪ್ಪಿಗೆ ಮೈನಸ್ 1ರ ಹತ್ರ ಇಟ್ಟು ನೋಡಿ. ಕೆಲವರು ಆ ಮೊದಲನೇ ಸಣ್ಣ ಬೆಳಕಿಗೇ ಕಣ್ಣು ಮುಚ್ತಾರೆ, ಪ್ರತಿ ಫೋಟೋದಲ್ಲೂ ಅದೇ ಒಬ್ರ ಕಣ್ಣು ಮುಚ್ಚಿದ್ರೆ ಮ್ಯಾನ್ಯುಯಲ್‌ಗೆ ಬದಲಾಯಿಸಿ, ಸರಿ ಹೋಗತ್ತೆ.

ಒಂದೇ ಫ್ರೇಮಲ್ಲಿ ಒಬ್ರದ್ದು ಕಪ್ಪು ಮೈಬಣ್ಣ, ಇನ್ನೊಬ್ರದ್ದು ಬಿಳಿ. ಇಬ್ರೂ ಚೆನ್ನಾಗಿ ಬರ್ಬೇಕು.

ಇದನ್ನ ಕೇಳೋರು ಕಮ್ಮಿ, ಎಲ್ಲರೂ ಕೇಳ್ಬೇಕಾಗಿರೋ ಪ್ರಶ್ನೆ. ಪವರ್ ಏರಿಸಿದ್ರೆ ಬಿಳಿ ಮುಖ ಹಾರಿ ಹೋಗತ್ತೆ, ಇಳಿಸಿದ್ರೆ ಇನ್ನೊಬ್ರ ಮುಖದ ವಿವರವೇ ಇಲ್ಲ, ಹಾಗಾಗಿ ಪವರ್ ಮುಟ್ಬೇಡಿ, ಜಾಗ ಬದಲಾಯಿಸಿ. ಬೆಳಕು ಯಾವ ಗೋಡೆಯಿಂದ ಬರ್ತಿದ್ಯೋ ಆ ಕಡೆಗೆ ಕಪ್ಪು ಮೈಬಣ್ಣದವರನ್ನ ನಿಲ್ಲಿಸಿ, ಹತ್ರ ಇರೋದ್ರಿಂದಲೇ ಅವರಿಗೆ ಅರ್ಧ ಸ್ಟಾಪ್, ಒಂದು ಸ್ಟಾಪ್ ಜಾಸ್ತಿ ಸಿಗತ್ತೆ. ಕಪ್ಪು ಚರ್ಮ ಚೆಂದ ಕಾಣೋದು ಅದರ ಮೇಲಿನ ಹೊಳಪಿಂದ, ದೊಡ್ಡ ಬೆಳಕು ಪಕ್ಕದಿಂದ ಬಂದಾಗ ಕೆನ್ನೆ ಮೂಳೆ ಮೇಲೆ ಅಗಲವಾದ ಒಂದು ಮೆತ್ತನೆ ಹೊಳಪು ಬರತ್ತೆ, ಮುಖದ ಆಕಾರ ಎಲ್ಲಾ ಅದರಲ್ಲೇ ಎದ್ದು ನಿಲ್ಲತ್ತೆ. ನೇರ ಫ್ಲ್ಯಾಶಲ್ಲಿ ಅದೇ ಹೊಳಪು ಹಣೆ ಮೇಲೆ ಒಂದು ಬಿಳಿ ಚುಕ್ಕೆ ಆಗತ್ತೆ. ಎಡಿಟಿಂಗಲ್ಲಿ ಯಾರನ್ನೂ ಬೆಳ್ಳಗೆ ಮಾಡೋಕೆ ಹೋಗ್ಬೇಡಿ ದಯವಿಟ್ಟು.

ಮುಖ ಸರಿ ಇದೆ, ಹಿಂದಿನ ರೂಮೆಲ್ಲ ಕಿತ್ತಳೆ ಬಣ್ಣ. ಯಾಕೆ?

ಫ್ಲ್ಯಾಶಿನ ಬೆಳಕು ಹಗಲಿನ ಬಣ್ಣದ್ದು, ಸುಮಾರು 5500 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ, ಅಂಕಿ ಕಮ್ಮಿ ಆದಷ್ಟೂ ಹಳದಿ). ಹಳದಿ ಬಲ್ಬು 2700 ರಿಂದ 3200. ಕ್ಯಾಮರಾ ಒಂದಕ್ಕೆ ಸರಿ ಮಾಡಿದ್ರೆ ಇನ್ನೊಂದು ಕೆಡತ್ತೆ. ಸಿಟಿಒ ಅಂತ ಕಿತ್ತಳೆ ಬಣ್ಣದ ಜೆಲ್ ಹಾಳೆ ಸಿಗತ್ತೆ, ಅದನ್ನ ಫ್ಲ್ಯಾಶ್ ಮುಂದೆ ಅಂಟಿಸಿ, ವೈಟ್ ಬ್ಯಾಲೆನ್ಸ್ (ಕ್ಯಾಮರಾದಲ್ಲಿ ಬಣ್ಣ ಸರಿ ಮಾಡೋ ಸೆಟ್ಟಿಂಗ್) ಬಲ್ಬ್ ಚಿಹ್ನೆಗೆ ಹಾಕಿ, ಎರಡೂ ಒಂದೇ ಬಣ್ಣ ಆಗತ್ತೆ. ನನಗೆ ಪೂರ್ತಿ ಸಿಟಿಒಗಿಂತ ಅರ್ಧ ಸಿಟಿಒ (ತಿಳಿ ಕಿತ್ತಳೆ) ಇಷ್ಟ, ಆಗ ವೈಟ್ ಬ್ಯಾಲೆನ್ಸ್ ಬಲ್ಬ್ ಚಿಹ್ನೆಗೆ ಬದಲು ಮುಖಕ್ಕೆ ಸರಿ ಮಾಡಿ, ಹಿಂದೆ ಸ್ವಲ್ಪ ಬೆಚ್ಚಗಿನ ಬಣ್ಣ ಉಳೀಲಿ, ಸಂಜೆ ಅಂತ ಗೊತ್ತಾಗ್ಲಿ. ಟ್ಯೂಬ್‌ಲೈಟ್ ಇದ್ರೆ ತಿಳಿ ಹಸಿರು ಜೆಲ್. ಎಲ್‌ಇಡಿಗಳು ಒಂದೊಂದು ಒಂದೊಂದು ಥರ, ಟೆಸ್ಟ್ ಫೋಟೋ ತೆಗೆದೇ ನೋಡ್ಬೇಕು.

ಗ್ರೂಪ್ ಫೋಟೋದಲ್ಲಿ ಮುಂದಿನ ಸಾಲು ಬೆಳಗತ್ತೆ, ಹಿಂದಿನ ಸಾಲು ಕತ್ತಲು.

ಅದೇ ದೂರದ ಲೆಕ್ಕ. ಫ್ಲ್ಯಾಶ್ ಹತ್ರ ಇದ್ದಷ್ಟೂ ಸಾಲುಗಳ ವ್ಯತ್ಯಾಸ ಜಾಸ್ತಿ, ಹಾಗಾಗಿ ನೀವು ಹಿಂದಕ್ಕೆ ಹೋಗಿ, ಅಥವಾ ನಿಮ್ಮ ಹಿಂದಿನ ಗೋಡೆ ಸೀಲಿಂಗಿಗೆ ಸೇರೋ ಮೂಲೆಗೆ ಹೊಡೀರಿ. ಬೆಳಕು ಅಷ್ಟು ದೂರದಿಂದ ಬಂದಾಗ ಮುಂದಿನ ಸಾಲು ಹಿಂದಿನ ಸಾಲು ಅಂತ ದೊಡ್ಡ ಭೇದ ಇರಲ್ಲ. ಎಫ್ 5.6 ಅಥವಾ 8 ಇಡಿ, ಹಿಂದಿನವರ ಕಣ್ಣು ಶಾರ್ಪ್ ಬರ್ಲಿ. ಜನರನ್ನ ಗೋಡೆಗೆ ಅಂಟಿಸಿ ನಿಲ್ಲಿಸ್ಬೇಡಿ, ಒಂದೆರಡು ಮೀಟರ್ ಮುಂದೆ ಬಂದ್ರೆ ನೆರಳು ನೆಲಕ್ಕೆ ಬೀಳತ್ತೆ.

ಕನ್ನಡಕದಲ್ಲಿ ಫ್ಲ್ಯಾಶ್ ಹೊಳೆಯತ್ತೆ.

ಪಕ್ಕದ ಗೋಡೆಗೆ ಬೌನ್ಸ್ ಮಾಡಿದ್ರೆ ಎಷ್ಟೋ ಸಲ ಹೋಗ್ಬಿಡತ್ತೆ. ಹೋಗ್ಲಿಲ್ಲ ಅಂದ್ರೆ ಗದ್ದ ಸ್ವಲ್ಪ ಕೆಳಗೆ ಮಾಡಿ ಅನ್ನಿ. ಕನ್ನಡಕ ತೆಗೀರಿ ಅಂತ ಮಾತ್ರ ಹೇಳ್ಬೇಡಿ, ದಿನಾ ಹಾಕ್ಕೊಳ್ಳೋರು ಅದಿಲ್ಲದೆ ಅವರ ಹಾಗೇ ಕಾಣಲ್ಲ.

ಕಣ್ಣು ಕೆಂಪಾಗಿ ಬರತ್ತೆ. ಒಂದು ಮಗುವಿನ ಫೋಟೋದಲ್ಲಿ ಒಂದು ಕಣ್ಣು ಬಿಳಿ ಬಂದಿದೆ, ಅದೇನು?

ಕೆಂಪು ಬರೋದು ಫ್ಲ್ಯಾಶ್ ಲೆನ್ಸಿಗೆ ತೀರಾ ಹತ್ರ ಇದ್ದಾಗ. ಕತ್ತಲಲ್ಲಿ ಕಣ್ಣಿನ ಪಾಪೆ ಅಗಲ ಆಗಿರತ್ತೆ, ಬೆಳಕು ಒಳಗೆ ಹೋಗಿ ರಕ್ತ ತುಂಬಿರೋ ಹಿಂಭಾಗಕ್ಕೆ ತಾಗಿ ನೇರ ಲೆನ್ಸಿಗೇ ವಾಪಸ್ ಬರತ್ತೆ. ಬೌನ್ಸ್ ಮಾಡಿದ್ರೆ ಈ ತೊಂದರೆ ಇಲ್ಲ.

ಬಿಳಿ ಬಂದಿದ್ರೆ ಮಾತ್ರ ಇದನ್ನ ಗಮನ ಇಟ್ಟು ಓದಿ. ಮಗು ಓರೆಯಾಗಿ ನೋಡ್ತಾ ಇದ್ದಾಗ ಬರೀ ಕೋನದಿಂದಲೂ ಹಾಗೆ ಕಾಣಬಹುದು, ಅದರಲ್ಲಿ ಅಪಾಯ ಇಲ್ಲ. ಆದ್ರೆ ರೆಟಿನೋಬ್ಲಾಸ್ಟೋಮಾ ಅಂತ ಚಿಕ್ಕ ಮಕ್ಕಳಿಗೆ ಬರೋ ಕಣ್ಣಿನ ಕ್ಯಾನ್ಸರ್, ಹುಟ್ಟಿನಿಂದ ಬರೋ ಪೊರೆ, ಇವೂ ಫ್ಲ್ಯಾಶ್ ಫೋಟೋದಲ್ಲಿ ಹೀಗೇ ಬಿಳಿ ಪಾಪೆಯಾಗಿ ಕಾಣ್ತವೆ. ಅದೇ ಕಣ್ಣು ಬೇರೆ ಬೇರೆ ಫೋಟೋದಲ್ಲಿ ಮತ್ತೆ ಮತ್ತೆ ಬಿಳಿ ಬರ್ತಾ ಇದ್ರೆ ತಡ ಮಾಡದೆ ಕಣ್ಣಿನ ಡಾಕ್ಟರಿಗೆ ತೋರಿಸಿ, ಆ ಫೋಟೋನೂ ತಗೊಂಡು ಹೋಗಿ. ಬೇಗ ಗೊತ್ತಾದ್ರೆ ವಾಸಿ ಆಗೋ ಸಾಧ್ಯತೆ ತುಂಬಾ ಚೆನ್ನಾಗಿರತ್ತೆ. ಬೇರೆಯವರ ಮಗುವಿನ ಫೋಟೋದಲ್ಲಿ ನಿಮಗೆ ಇದು ಕಂಡ್ರೆ ಸಂಕೋಚ ಬಿಟ್ಟು ಅವರ ತಂದೆ ತಾಯಿಗೆ ಹೇಳಿ.

ಪುಟ್ಟ ಮಕ್ಕಳ ಕಣ್ಣಿಗೆ ಫ್ಲ್ಯಾಶ್ ಕೆಟ್ಟದ್ದಾ?

ಮಾಮೂಲಿ ದೂರದಿಂದ ಹೊಡೆಯೋ ಕ್ಯಾಮರಾ ಫ್ಲ್ಯಾಶಿಂದ ಕಣ್ಣಿಗೆ ಹಾನಿ ಆಗಲ್ಲ. ಹಾಗಂತ ಒಂದು ಅಡಿ ದೂರದಿಂದ ನೇರ ಹೊಡೆಯೋದು ಬೇಡ, ಬೆಚ್ಚಿ ಬೀಳತ್ತೆ ಪಾಪ. ಗೋಡೆಗೆ ಹೊಡೀರಿ, ಕಮ್ಮಿ ಪವರಲ್ಲಿ. ದೊಡ್ಡವರಲ್ಲೂ ಮಕ್ಕಳಲ್ಲೂ ಮೂರ್ಛೆ ರೋಗ ಇರೋರು ಇದ್ದಾರೆ ಅಂತ ಗೊತ್ತಿದ್ರೆ ಮೊದಲೇ ಕೇಳಿ, ಪಟಪಟ ಅಂತ ಸಾಲಾಗಿ ಹೊಡೆಯೋದು ಖಂಡಿತ ಬೇಡ.

ಫ್ಲ್ಯಾಶನ್ನ ಕ್ಯಾಮರಾದಿಂದ ಇಳಿಸಿ ಉಪಯೋಗಿಸೋದು ಹೇಗೆ?

ದೂರದ ಫ್ಲ್ಯಾಶನ್ನ ಹೊಡೆಸೋ ರೇಡಿಯೋ ಟ್ರಿಗರ್ ಒಂದು ಬೇಕು, ಕ್ಯಾಮರಾ ತಲೆ ಮೇಲೆ ಫ್ಲ್ಯಾಶ್ ಸಿಕ್ಕಿಸೋ ಜಾಗ, ಅಂದ್ರೆ ಹಾಟ್ ಶೂ ಮೇಲೆ ಕೂರತ್ತೆ. ಕ್ಯಾನನ್, ನಿಕಾನ್, ಸೋನಿ ಇವುಗಳ ಹಾಟ್ ಶೂ ಪಿನ್ನುಗಳು ಬೇರೆ ಬೇರೆ, ಟಿಟಿಎಲ್ ಬೇಕಂದ್ರೆ ನಿಮ್ಮ ಕ್ಯಾಮರಾದ್ದೇ ನೋಡಿ ತಗೊಳ್ಳಿ. ಒಂದು ಸ್ಟ್ಯಾಂಡು, ಒಂದು ಮೀಟರ್ ಅಗಲದ ಬಿಳಿ ಛತ್ರಿ, ಫ್ಲ್ಯಾಶ್ ಛತ್ರಿ ಕಡೆ ಮುಖ ಮಾಡಿ. ಇದನ್ನ ಕೂತಿರೋರ ಪಕ್ಕಕ್ಕೆ 45 ಡಿಗ್ರಿ, ಅವರ ತಲೆಗಿಂತ ಸ್ವಲ್ಪ ಮೇಲೆ ಇಡಿ. ಛತ್ರಿ ಹತ್ರ ತಂದಷ್ಟೂ ಬೆಳಕು ಮೆತ್ತಗೆ, ಫ್ರೇಮಿನ ಅಂಚಲ್ಲಿ ಛತ್ರಿ ಕಾಣೋದೊಂದು ಬಾಕಿ ಅನ್ನೋವರೆಗೂ ತನ್ನಿ. 1/16 ಪವರಿಂದ ಶುರು ಮಾಡಿ. ಟ್ರಿಪಾಡಾಗ್ಲಿ ಸ್ಟ್ಯಾಂಡಾಗ್ಲಿ ಜನ ಓಡಾಡೋ ದಾರೀಲಿ ಇಡ್ಬೇಡಿ, ಕಾಲಿಗೆ ಭಾರ ಕಟ್ಟಿ.

ಫೋಟೋದಲ್ಲಿ ಅರ್ಧ ಕಪ್ಪು ಪಟ್ಟಿ ಬರತ್ತೆ, ಫ್ಲ್ಯಾಶ್ ಹಾಳಾಗಿದ್ಯಾ?

ಇಲ್ಲ, ಶಟರ್ ಸಿಂಕ್ ಸ್ಪೀಡಿಗಿಂತ, ಅಂದ್ರೆ ಫ್ಲ್ಯಾಶ್ ಜೊತೆ ಬಳಸಬಹುದಾದ ಅತಿ ವೇಗದ ಶಟರಿಗಿಂತ, ಜಾಸ್ತಿ ಆಗಿದೆ. ತುಂಬಾ ಕ್ಯಾಮರಾಗಳಲ್ಲಿ ಅದು 1/200 ಅಥವಾ 1/250. ಅದಕ್ಕಿಂತ ಕೆಳಗಿಳಿಸಿ. ಹೈ ಸ್ಪೀಡ್ ಸಿಂಕ್ (ಅದಕ್ಕಿಂತ ವೇಗದ ಶಟರಲ್ಲೂ ಫ್ಲ್ಯಾಶ್ ಬಳಸೋ ಮೋಡ್) ರೂಮೊಳಗೆ ಬೇಕಾಗೋದೇ ಅಪರೂಪ, ಪವರ್ ಸುಮ್ನೆ ಹೋಗತ್ತೆ. ಒಂದಲ್ಲ, ತೆಳ್ಳಗೆ ಸುಮಾರು ಅಡ್ಡ ಪಟ್ಟಿ ಬರ್ತಿದ್ರೆ ಅದು ಎಲ್‌ಇಡಿ ಮಿನುಗೋದು, ಕರೆಂಟು 50 ಹರ್ಟ್ಜ್ ಇರೋ ಕಡೆ 1/50 ಅಥವಾ 1/100, 60 ಹರ್ಟ್ಜ್ ಕಡೆ 1/60 ಅಥವಾ 1/125 ಇಟ್ರೆ ಬಹುಪಾಲು ಹೋಗತ್ತೆ.

ನಾಲ್ಕು ಫೋಟೋ ಆದ್ಮೇಲೆ ಫ್ಲ್ಯಾಶ್ ಹೊಡೆಯೋದೇ ಇಲ್ಲ.

ಚಾರ್ಜ್ ಆಗೋಕೆ ಟೈಮ್ ಬೇಕು. ಬಳಸಿ ಎಸೆಯೋ ಆಲ್ಕಲೈನ್ ಸೆಲ್ ಹಾಕಿದ್ರೆ ಇನ್ನೂ ನಿಧಾನ, ರೀಚಾರ್ಜಬಲ್ ಎನ್‌ಐಎಂಎಚ್ ಹಾಕಿ, ವೋಲ್ಟೇಜ್ ಬರೀ 1.2 ಇದ್ರೂ ಕರೆಂಟನ್ನ ಬೇಗ ಬಿಟ್ಟುಕೊಡತ್ತೆ. ಲಿಥಿಯಂ ಪ್ಯಾಕ್ ಇರೋ ಫ್ಲ್ಯಾಶ್ ಇನ್ನೂ ವಾಸಿ. ಫುಲ್ ಪವರಲ್ಲಿ ಒಂದೇ ಸಮ ಹೊಡೀತಾ ಇದ್ರೆ ಬಿಸಿಯಾಗಿ ತಾನೇ ನಿಂತ್ಬಿಡತ್ತೆ, ಐಎಸ್‌ಒ 400ರಿಂದ 1600ಕ್ಕೆ ಏರಿಸಿದ್ರೆ ಅದೇ ಬೆಳಕಿಗೆ ಕಾಲು ಭಾಗ ಪವರ್ ಸಾಕು.

ಯಾವ ಫ್ಲ್ಯಾಶ್ ತಗೋಬೇಕು? ಮನೇಲಿ ಹಳೇ ಫಿಲ್ಮ್ ಕಾಲದ್ದು ಒಂದಿದೆ, ಆಗತ್ತಾ?

ತಲೆ ಮೇಲಕ್ಕೂ ಎಡ ಬಲಕ್ಕೂ ತಿರುಗ್ಬೇಕು, ಮ್ಯಾನ್ಯುಯಲ್ ಪವರ್ ಇರ್ಬೇಕು. ಈ ಎರಡಿಲ್ಲದ್ದು ಬೇಡ. ಗೈಡ್ ನಂಬರ್ (ಫ್ಲ್ಯಾಶಿನ ಶಕ್ತಿಯ ಅಳತೆ) ಐಎಸ್‌ಒ 100ಕ್ಕೆ 40 ಮೀಟರ್ ಆಸುಪಾಸು ಇದ್ರೆ ರೂಮೊಳಗೆ ಸಾಕು. ಗೈಡ್ ನಂಬರನ್ನ ಅಪರ್ಚರಿಂದ ಭಾಗಿಸಿದ್ರೆ ಬೆಳಕು ತಲುಪೋ ದೂರ ಸಿಗತ್ತೆ, 40ನ್ನ 4ರಿಂದ ಭಾಗಿಸಿದ್ರೆ 10 ಮೀಟರ್, ಐಎಸ್‌ಒ 400 ಮಾಡಿದ್ರೆ 20. ಡಬ್ಬದ ಮೇಲೆ 60 ಅಂತ ದೊಡ್ಡದಾಗಿ ಬರೆದಿದ್ರೆ ಪಕ್ಕದಲ್ಲಿ ಸಣ್ಣ ಅಕ್ಷರ ಓದಿ, ಸಾಮಾನ್ಯವಾಗಿ ಅದು ಫ್ಲ್ಯಾಶ್ ತಲೆಯ ಜೂಮ್ ಪೂರ್ತಿ 200 ಎಂಎಂ ಇಟ್ಟಾಗಿನ ಲೆಕ್ಕ, 35 ಎಂಎಂಗೆ ತುಂಬಾ ಕಮ್ಮಿ ಇರತ್ತೆ.

ಹಳೇ ಫ್ಲ್ಯಾಶನ್ನ ಹಾಗೇ ಡಿಜಿಟಲ್ ಕ್ಯಾಮರಾ ಮೇಲೆ ಕೂರಿಸ್ಬೇಡಿ. ಆ ಕಾಲದ ಕೆಲವು ಫ್ಲ್ಯಾಶುಗಳ ಟ್ರಿಗರ್ ವೋಲ್ಟೇಜ್ (ಸಿಕ್ಕಿಸೋ ಪಿನ್ನಿಂದ ಕ್ಯಾಮರಾಗೆ ತಾಗೋ ವೋಲ್ಟೇಜ್) 200ಕ್ಕಿಂತ ಜಾಸ್ತಿ ಇರತ್ತೆ, ಕ್ಯಾಮರಾ ಸರ್ಕ್ಯೂಟ್ ಸುಟ್ಟು ಹೋಗಬಹುದು. ಮಲ್ಟಿಮೀಟರ್ ಇಟ್ಟು ಅಳೀರಿ, ಬಂದ ಅಂಕಿನ ನಿಮ್ಮ ಕ್ಯಾಮರಾ ಜೊತೆ ಬಂದ ಪುಸ್ತಕದಲ್ಲಿ ಕೊಟ್ಟಿರೋ ಮಿತಿ ಜೊತೆ ಹೋಲಿಸಿ. ಜಾಸ್ತಿ ಬಂದ್ರೂ ಫ್ಲ್ಯಾಶ್ ಎಸೀಬೇಡಿ, ಕಮ್ಮಿ ಬೆಲೆಯ ಆಪ್ಟಿಕಲ್ ಸ್ಲೇವ್ (ಇನ್ನೊಂದು ಫ್ಲ್ಯಾಶಿನ ಬೆಳಕು ಕಂಡ ತಕ್ಷಣ ಇದನ್ನ ಹೊಡೆಸೋ ಸಣ್ಣ ಸಾಧನ) ಒಂದಕ್ಕೆ ಸಿಕ್ಕಿಸಿ ಕ್ಯಾಮರಾದಿಂದ ದೂರ ಇಡಿ, ಅಷ್ಟು ವೋಲ್ಟೇಜ್ ಆ ಸ್ಲೇವ್ ತಡೆಯತ್ತಾ ಅಂತ ಮಾತ್ರ ನೋಡ್ಕೊಳ್ಳಿ. ಕ್ಯಾಮರಾ ಮೇಲಿನ ಫ್ಲ್ಯಾಶ್ ಹೊಡೆದಾಗ ಇದೂ ಹೊಡೆಯತ್ತೆ, ಆದ್ರೆ ಮೇಲಿನದ್ದು ಮ್ಯಾನ್ಯುಯಲಲ್ಲಿ ಇರ್ಬೇಕು, ಟಿಟಿಎಲ್ ಇದ್ರೆ ಮೊದಲ ಸಣ್ಣ ಬೆಳಕಿಗೇ ಹೊಡೆದು ಖಾಲಿ ಆಗ್ಬಿಡತ್ತೆ. ಹಿಂದಿನ ಗೋಡೆ ಬೆಳಗಿಸೋಕೆ, ಕೂದಲಿಗೆ ಹಿಂದಿಂದ ಒಂದು ಅಂಚು ಕೊಡೋಕೆ ಆ ಹಳೇದು ಈಗಲೂ ಚೆನ್ನಾಗಿ ಕೆಲಸ ಮಾಡತ್ತೆ.